ರೈಲು ಢಿಕ್ಕಿ: ಬೋಗಿ ಗಟ್ಟಿಯಾದಷ್ಟೂ ಜನ ಸುರಕ್ಷಿತವೇ? (ಪ್ರಶ್ನೋತ್ತರ)

ಪ್ರಶ್ನೆ (ಮೆಕ್ಯಾನಿಕಲ್ ವಿದ್ಯಾರ್ಥಿ): ಸರ್, ಬೋಗಿಯನ್ನು ಇನ್ನಷ್ಟು ದಪ್ಪ ಉಕ್ಕಿನಲ್ಲಿ ಕಟ್ಟಿಬಿಟ್ಟರೆ ಢಿಕ್ಕಿಯಲ್ಲಿ ಒಳಗಿದ್ದವರು ಉಳಿಯುವುದಿಲ್ಲವೇ? ತುದಿಗಳನ್ನು ಬೇಕೆಂದೇ ನುಜ್ಜಾಗುವಂತೆ ಮಾಡುತ್ತಾರೆ ಎಂದು ಓದಿದೆ. ಯಾಕೆ?

ಉತ್ತರ (ಬೋಗಿ ವಿನ್ಯಾಸ ಎಂಜಿನಿಯರ್): ಗಟ್ಟಿತನ ಬೇಕೇ ಬೇಕು, ಆದರೆ ಜನ ಕೂರುವ ಭಾಗಕ್ಕೆ. ಅಮೆರಿಕದಲ್ಲಿ ಬಹುಕಾಲ ಒಂದೇ ಸಂಖ್ಯೆ ಆಳಿತು: ಪ್ರಯಾಣಿಕರ ಬೋಗಿಯನ್ನು ಉದ್ದಕ್ಕೆ 8 ಲಕ್ಷ ಪೌಂಡ್, ಅಂದರೆ ಸುಮಾರು 3,560 ಕಿಲೋನ್ಯೂಟನ್ ಬಲದಿಂದ ಒತ್ತಿದರೂ ಶಾಶ್ವತವಾಗಿ ಬಾಗಬಾರದು. ಅದು ನಿಂತಲ್ಲೇ ಒತ್ತಿ ನೋಡುವ ಪರೀಕ್ಷೆ. ಆ ಬಲ ದಾಟಿದ ಮೇಲೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅಪಘಾತ ಶುರುವಾಗುವುದೇ ಅಲ್ಲಿಂದ.

ಹಳೆಯ ಬಗೆಯ ಬೋಗಿಯ ಬಲ–ಸಂಕೋಚನ ನಕ್ಷೆ (ಬೋಗಿ ಎಷ್ಟು ಕುಗ್ಗಿದಾಗ ಎಷ್ಟು ಬಲ ಬೇಕು ಎಂಬ ಗೆರೆ) ಬರೆದು ನೋಡಿ. ಬಲ ಸರ್ರನೆ ಏರಿ ಒಂದು ಶಿಖರ ಮುಟ್ಟುತ್ತದೆ, ಅಂಡರ್‌ಫ್ರೇಮ್ (ಬೋಗಿಯ ಅಡಿಯ ಉಕ್ಕಿನ ಚೌಕಟ್ಟು) ಮಡಚಿದೊಡನೆ ಧೊಪ್ಪನೆ ಇಳಿಯುತ್ತದೆ. ಆಮೇಲೆ ಇಡೀ ರೈಲಿನಲ್ಲಿ ಅತ್ಯಂತ ದುರ್ಬಲವಾದದ್ದು ಆಗಲೇ ಮಡಚಿದ ಆ ಮೊದಲ ಬೋಗಿಯೇ. ಹಿಂದಿನ ಬೋಗಿಗಳು ತಮ್ಮ ಶಿಖರವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಅವು ಜಜ್ಜಿಕೊಳ್ಳುವುದಿಲ್ಲ. ಎಲ್ಲರ ಪಾಲಿನ ಶಕ್ತಿಯನ್ನೂ ಮೊದಲ ಬೋಗಿಯೊಂದೇ ನುಂಗುತ್ತದೆ. ದಪ್ಪ ಉಕ್ಕು ಹಾಕಿದರೆ ಶಿಖರ ಮೇಲೇರೀತು, ಆಮೇಲಿನ ಕುಸಿತ ತಪ್ಪದು.

ಕೊಲರಾಡೋದ ಪ್ಯೂಬ್ಲೋದಲ್ಲಿ ಅಮೆರಿಕದ ರೈಲ್ವೆ ಇಲಾಖೆ ಮತ್ತು ಸರ್ಕಾರಿ ಸಾರಿಗೆ ಸಂಶೋಧನಾ ಸಂಸ್ಥೆಯಾದ ವೋಲ್ಪ್ ಕೇಂದ್ರ ಇದನ್ನು ನಿಜವಾದ ರೈಲುಗಳಲ್ಲೇ ತೋರಿಸಿದವು. 2002ರಲ್ಲಿ ಹಳೆಯ ಬಗೆಯ ರೈಲೊಂದನ್ನು ಗಂಟೆಗೆ ಸುಮಾರು 30 ಮೈಲಿ (48 ಕಿ.ಮೀ.) ವೇಗದಲ್ಲಿ ನಿಂತ ಎಂಜಿನ್‌ಗೆ ಗುದ್ದಿಸಿದರು. ಮುಂದಿನ ಬೋಗಿ 20 ಅಡಿಗೂ ಹೆಚ್ಚು ಜಜ್ಜಿಹೋಗಿ ಎಂಜಿನ್ ಮೇಲೇರಿತು. 2006ರಲ್ಲಿ ಹೆಚ್ಚುಕಡಿಮೆ ಅದೇ ವೇಗ, ಆದರೆ ತುದಿಗಳನ್ನು ನುಜ್ಜುವಲಯವಾಗಿ ಮರುಕಟ್ಟಿದ ಬೋಗಿಗಳು. ಈ ಸಲ ಮುಂದೆ ಸುಮಾರು 3 ಅಡಿ ಮಾತ್ರ ಜಜ್ಜಿತು. ಉಳಿದದ್ದನ್ನು ಹಿಂದಿನ ಬೋಗಿಗಳ ತುದಿಗಳು ಹಂಚಿಕೊಂಡವು. ಜನ ಕೂರುವ ಜಾಗ ಪೂರ್ತಿ ಉಳಿಯಿತು, ಯಾವುದೂ ಯಾವುದರ ಮೇಲೂ ಹತ್ತಲಿಲ್ಲ.

ಅದೇ ವಿದ್ಯಾರ್ಥಿ: ಹಿಂದಿನ ಬೋಗಿ "ಹಂಚಿಕೊಳ್ಳುವಂತೆ" ಮಾಡುವುದು ಹೇಗೆ ಸರ್? ಯಾವ ಯಾವ ಭಾಗಗಳಿರುತ್ತವೆ?

ಉತ್ತರ: ಒಂದಾದ ಮೇಲೊಂದು ಸೋಲಬೇಕು, ಪ್ರತಿ ಹಂತದ ಬಲ ಹಿಂದಿನದಕ್ಕಿಂತ ಹೆಚ್ಚಿರಬೇಕು. ಲೆಕ್ಕಕ್ಕೆಂದು ಸಂಖ್ಯೆಗಳನ್ನು ಹೀಗೆ ಹಿಡಿಯೋಣ: ಕಪ್ಲರ್ (ಬೋಗಿಗಳನ್ನು ಜೋಡಿಸುವ ಕೊಂಡಿ) ಒಳಗಿನ ಕೊಳವೆ 1,000 ಕಿಲೋನ್ಯೂಟನ್‌ಗೆ ಕುಗ್ಗಲು ಶುರು. ಅದರ ಓಟ (ಕುಗ್ಗಬಲ್ಲ ಉದ್ದ) ಮುಗಿದಾಗ ಬಲ ಏರಿ 1,500ಕ್ಕೆ ಶಿಯರ್ ಬೋಲ್ಟ್‌ಗಳು (ಗೊತ್ತಾದ ಬಲಕ್ಕೆ ಫ್ಯೂಸ್‌ನಂತೆ ಮುರಿಯಲೆಂದೇ ಇಟ್ಟ ಬೋಲ್ಟ್‌ಗಳು) ತುಂಡಾಗಿ ಕಪ್ಲರ್ ಹಿಂದಕ್ಕೆ ಸರಿಯುತ್ತದೆ. ಆಗ ಎರಡು ಬೋಗಿಗಳ ಮುಖಗಳು ಕೂಡಿ, ಹಲ್ಲುಹಲ್ಲಾಗಿರುವ ಆಂಟಿ-ಕ್ಲೈಂಬರ್‌ಗಳು (ಒಂದು ಬೋಗಿ ಇನ್ನೊಂದರ ಮೇಲೆ ಹತ್ತದಂತೆ ತಡೆಯುವ ಫಲಕಗಳು) ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅದರ ಹಿಂದಿನ ಜೋಡಿ ಕ್ರಷ್ ಟ್ಯೂಬ್ (ಮಡಚುತ್ತ ಶಕ್ತಿ ಹೀರುವ ಕೊಳವೆ) 2,000ಕ್ಕೆ ಮಡಚುತ್ತ ಹೋಗುತ್ತದೆ. ಪ್ರಯಾಣಿಕರ ಭಾಗ 3,000 ತಡೆಯಬೇಕು. ಟ್ಯೂಬಿನ 2,000ಕ್ಕೂ ಈ 3,000ಕ್ಕೂ ನಡುವಿನ ಅಂತರವೇ ನಿಮ್ಮ ಬಂಡವಾಳ.

ಕಪ್ಲರ್ ಹಿಂದೆ ಸರಿಯದಿದ್ದರೆ ಎರಡು ಬೋಗಿಗಳ ನಡುವೆ ಅದು ಉದ್ದನೆಯ ಸಲಾಕೆಯಂತೆ ನಿಂತು, ಬೋಗಿಗಳನ್ನು ಅಡ್ಡಡ್ಡಕ್ಕೆ ತಳ್ಳಿ ಹಳಿಯಿಂದ ಇಳಿಸುತ್ತದೆ.

ಕೆಡುವುದು ಎಲ್ಲಿ ಅಂದರೆ, ಹೆಚ್ಚಾಗಿ ಶಿಯರ್ ಬೋಲ್ಟ್‌ನಲ್ಲಿ. ಬೋಲ್ಟ್‌ಗೆ 10.9 ದರ್ಜೆ ಎಂದರೆ ಕನಿಷ್ಠ ಬಲದ ಭರವಸೆ, ಗರಿಷ್ಠದ್ದಲ್ಲ. ಬಂದ ಮಾಲು ಶೇ 15ರಷ್ಟು ಹೆಚ್ಚು ಗಟ್ಟಿಯಿದ್ದರೆ 1,500 ಎಂದುಕೊಂಡದ್ದು 1,725 ಆಗುತ್ತದೆ. ಬಿಗಿ ಹೆಚ್ಚುಕಡಿಮೆಯಾಗಿ, ತುಕ್ಕು ಕಚ್ಚಿ ಇನ್ನೊಂದಿಷ್ಟು ಏರಿದರೆ ಹಂತಗಳ ಸರದಿಯೇ ಅದಲುಬದಲಾಗುತ್ತದೆ. ಹಾಗಾಗಿ ಫ್ಯೂಸ್ ಬೋಲ್ಟ್‌ಗೆ ಮೇಲ್ಮಿತಿಯನ್ನೂ ಡ್ರಾಯಿಂಗ್‌ನಲ್ಲಿ ಬರೆದು, ಬಂದ ಮಾಲಿನ ಪ್ರತಿ ಕಂತಿನಿಂದ ಕೆಲವನ್ನು ತುಂಡರಿಸಿ ನೋಡಬೇಕು. ದುರಸ್ತಿಯಲ್ಲಿ "ಇನ್ನೂ ಗಟ್ಟಿ ಬೋಲ್ಟ್ ಹಾಕಿದ್ದೇವೆ" ಎಂದರೆ ಅದು ಉಪಕಾರವಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಕ್ರಷ್ ಟ್ಯೂಬಿನ ಬಗ್ಗೆ ಸ್ವಲ್ಪ ಹೇಳಿ ಸರ್. ಪ್ರಾಜೆಕ್ಟ್‌ನಲ್ಲಿ ನಮ್ಮ ಚೌಕ ಟ್ಯೂಬ್ ಮಡಚುವ ಬದಲು ನಡುವೆ ಬಾಗಿ ಬಿಡುತ್ತಿದೆ.

ಉತ್ತರ: ಮೇಡಂ, ಅಗಲಕ್ಕೆ ಹೋಲಿಸಿದರೆ ನಿಮ್ಮ ಟ್ಯೂಬ್ ತುಂಬ ಉದ್ದವಾಗಿದ್ದೀತು, ಇಲ್ಲವೇ ಬಲ ನಡುಗೆರೆಯಲ್ಲಿ ಬೀಳುತ್ತಿಲ್ಲ. ಮೂರು ಕೆಲಸ ಮಾಡಿ. ಮುಂತುದಿಯಲ್ಲಿ ಎದುರುಬದುರು ಗೋಡೆಗಳಿಗೆ ತಗ್ಗು ಕೊಡಿ. ಮೊದಲ ಮಡಿಕೆ ಅಲ್ಲೇ ಶುರುವಾಗಿ ಆರಂಭದ ಶಿಖರವೂ ಇಳಿಯುತ್ತದೆ. ಉದ್ದ ಬೇಕೇ ಬೇಕಿದ್ದರೆ ನಡುವೆ ಅಡ್ಡ ತಡೆಫಲಕ ಹಾಕಿ, ಅಥವಾ ಟ್ಯೂಬ್ ಒಳಗೆ ಜಾರುವ ಮಾರ್ಗದರ್ಶಿ ದಂಡ ಕೊಡಿ. ಪರೀಕ್ಷೆಯಲ್ಲಿ ನೇರವಾಗಿ ಮಾತ್ರ ಗುದ್ದಬೇಡಿ, ಮೇಲೆ ಕೆಳಗೆ 40 ಮಿ.ಮೀ. ಸರಿಸಿಯೂ ಗುದ್ದಿ ನೋಡಿ. ನಿಜವಾದ ಬೋಗಿಗಳು ಒಂದೇ ಎತ್ತರದಲ್ಲಿ ಸಿಗುವುದು ಅಪರೂಪ. ಚಕ್ರದ ವ್ಯಾಸ 80 ಮಿ.ಮೀ. ಸವೆದರೆ, ಶಿಮ್ (ಎತ್ತರ ಹೊಂದಿಸುವ ತೆಳು ತಗಡು) ಹಾಕಿ ಸರಿದೂಗಿಸದಿದ್ದರೆ, ಬೋಗಿ 40 ಮಿ.ಮೀ. ತಗ್ಗುತ್ತದೆ. ಯುರೋಪಿನ ಇಎನ್ 15227 ಮಾನದಂಡವೂ ಮೇಲೇರುವಿಕೆಯ ತಪಾಸಣೆಗೆ ಇದೇ 40 ಮಿ.ಮೀ. ಅಂತರ ಕೇಳುತ್ತದೆ.

ಇನ್ನೊಂದು: ಅಲ್ಯೂಮಿನಿಯಂ ಜೇನುಗೂಡಿನ ಹಲಗೆ ಬಳಸಿದರೆ ಅದರ ಉದ್ದದ ಸುಮಾರು ಶೇ 70 ಮಾತ್ರ ಓಟ ಎಂದು ಹಿಡಿಯಿರಿ. ಆಮೇಲೆ ಅದು ಗಟ್ಟಿ ಇಟ್ಟಿಗೆಯಾಗಿ ಬಲ ಚಿಮ್ಮುತ್ತದೆ.

ಪ್ರಶ್ನೆ: ಎಷ್ಟು ವೇಗದವರೆಗೆ ಇದು ಕೆಲಸ ಮಾಡುತ್ತದೆ? 100 ಕಿ.ಮೀ. ವೇಗದಲ್ಲಿ ಗುದ್ದಿದರೂ ಉಳಿಸುತ್ತದೆಯೇ?

ಉತ್ತರ: ಇಲ್ಲ. ಲೆಕ್ಕ ಹಾಕಿ. 400 ಟನ್ ರೈಲು 36 ಕಿ.ಮೀ. (ಸೆಕೆಂಡಿಗೆ 10 ಮೀಟರ್) ವೇಗದಲ್ಲಿ ಅಂಥದ್ದೇ ನಿಂತ ರೈಲಿಗೆ ಗುದ್ದಿದರೆ ಚಲನಶಕ್ತಿ 20 ಮೆಗಾಜೂಲ್. ಎರಡೂ ಸೇರಿ ಸೆಕೆಂಡಿಗೆ 5 ಮೀಟರ್‌ನಲ್ಲಿ ಮುಂದೆ ಸಾಗುತ್ತವೆ, 10 ಮೆಗಾಜೂಲ್ ಲೋಹದಲ್ಲಿ ಕರಗಬೇಕು, ಒಂದೊಂದು ರೈಲಿಗೆ 5. ಮೇಲೆ ಹೇಳಿದ 2,000 ಕಿಲೋನ್ಯೂಟನ್‌ನಲ್ಲಿ 1 ಮೀಟರ್ ಮಡಚಿದರೆ 2 ಮೆಗಾಜೂಲ್. ಉಳಿದ 3 ಬೋಗಿಗಳ ನಡುವೆ ಹಂಚಿಹೋಗಬೇಕು. ವೇಗ 72 ಆದರೆ 10ರ ಜಾಗದಲ್ಲಿ 40 ಮೆಗಾಜೂಲ್. ಅಷ್ಟು ಲೋಹಕ್ಕೆ ಬೋಗಿಯಲ್ಲಿ ಜಾಗವೇ ಇಲ್ಲ.

ಇಎನ್ 15227 ಮುಖ್ಯ ಮಾರ್ಗದ ರೈಲಿಗೆ ಅದೇ ಬಗೆಯ ರೈಲಿನೊಂದಿಗೆ 36 ಕಿ.ಮೀ., 80 ಟನ್ ವ್ಯಾಗನ್‌ನೊಂದಿಗೆ 36 ಕಿ.ಮೀ., ಲೆವೆಲ್ ಕ್ರಾಸಿಂಗ್‌ನಲ್ಲಿ 15 ಟನ್ ಅಡಚಣೆಯೊಂದಿಗೆ ಗರಿಷ್ಠ 110 ಕಿ.ಮೀ. ಕೇಳುತ್ತದೆ. ಜನರ ಜಾಗ ಯಾವುದೇ 5 ಮೀಟರ್ ಉದ್ದದಲ್ಲಿ 50 ಮಿ.ಮೀ.ಗಿಂತ ಹೆಚ್ಚು ಕುಗ್ಗಬಾರದು. ರೈಲಿಗೆ ರೈಲು ಗುದ್ದುವಲ್ಲಿ 36ಕ್ಕಿಂತ ಮೇಲಿನದು ಸಿಗ್ನಲ್ ಮತ್ತು ಸ್ವಯಂಚಾಲಿತ ಬ್ರೇಕ್‌ನ ಕೆಲಸ.

ಪ್ರಶ್ನೆ: ಲಾರಿಗೆ ಗುದ್ದಿದಾಗ ಅಂಡರ್‌ಫ್ರೇಮ್ ತಾಗುವುದೇ ಇಲ್ಲವಲ್ಲ?

ಉತ್ತರ: ಸರಿಯಾಗಿ ಹಿಡಿದಿರಿ. ಲಾರಿಯ ಹೊರೆ ಅಂಡರ್‌ಫ್ರೇಮ್‌ಗಿಂತ ಎತ್ತರದಲ್ಲಿ ಬಡಿಯುತ್ತದೆ, ಆಗ ಮುಂಮುಖದ ನಿಲುಗಂಬಗಳೇ ಗತಿ. 1998ರಲ್ಲಿ ಇಂಡಿಯಾನಾದ ಪೋರ್ಟೇಜ್‌ನಲ್ಲಿ ಟ್ರಕ್ಕಿನ ಮೇಲಿದ್ದ ಉಕ್ಕಿನ ಸುರುಳಿ ಬೋಗಿಯೊಳಗೆ ನುಗ್ಗಿ ಮೂವರು ಸತ್ತರು. ಆಮೇಲೆ 2002ರಲ್ಲಿ ಪ್ಯೂಬ್ಲೋದಲ್ಲಿ ಉಕ್ಕಿನ ಸುರುಳಿಗೇ ಬೋಗಿ ಗುದ್ದಿಸಿ ನೋಡಿದರು: ಹಳೆಯ ವಿನ್ಯಾಸದ ಮೂಲೆಕಂಬ ಕಿತ್ತುಬಂತು, ಹೊಸದು ಬಾಗಿತೇ ಹೊರತು ಕೀಳಲಿಲ್ಲ. ಕಂಬ ಬಾಗುತ್ತಲೇ ಶಕ್ತಿ ಹೀರಬೇಕಾದರೆ ಅದರ ಬುಡದ ವೆಲ್ಡ್ ಕಂಬಕ್ಕಿಂತ ಬಲವಾಗಿರಬೇಕು. ಅಲ್ಯೂಮಿನಿಯಂನಲ್ಲಿ ಇದು ಇನ್ನೂ ಸೂಕ್ಷ್ಮ. ವೆಲ್ಡ್ ಪಕ್ಕದ ಕಾದ ಭಾಗ ಮೆತ್ತಗಾಗುವುದರಿಂದ ಹೊಲಿಗೆ ಬಿಚ್ಚಿದಂತೆ ಉದ್ದಕ್ಕೂ ಸೀಳುತ್ತದೆ. 1999ರ ಲಂಡನ್‌ನ ಲ್ಯಾಡ್‌ಬ್ರೋಕ್ ಗ್ರೋವ್ ರೈಲು ಢಿಕ್ಕಿಯ ನಂತರ ಈ ಸಂಶೋಧನೆಗೆ ವೇಗ ಬಂತು.

ಪ್ರಶ್ನೆ (ಸದಸ್ಯೆ): ಇಷ್ಟೆಲ್ಲ ಮಾಡುವ ಬದಲು ಸೀಟ್ ಬೆಲ್ಟ್ ಕಟ್ಟಬಾರದೇ ಸರ್?

ಉತ್ತರ: ಬ್ರಿಟನ್ನಿನ ರೈಲು ಸುರಕ್ಷತಾ ಮಂಡಳಿ ಅಧ್ಯಯನ ಮಾಡಿ ಬೇಡವೆಂದಿತು. ಬೆಲ್ಟ್ ಹಿಡಿಯಲು ಸೀಟನ್ನು ತುಂಬ ಗಟ್ಟಿ ಮಾಡಬೇಕು, ಬೆಲ್ಟ್ ಹಾಕದ ಹಿಂದಿನವರು ಅದೇ ಗಟ್ಟಿ ಸೀಟಿಗೆ ಅಪ್ಪಳಿಸುತ್ತಾರೆ. ಬೋಗಿ ಕುಗ್ಗಿದ ಕಡೆ ಬೆಲ್ಟ್ ಕಟ್ಟಿಕೊಂಡವರಿಗೆ ಸರಿಯಲು ಆಗದು.

ಮೇಲಿನ ಢಿಕ್ಕಿಯನ್ನೇ ತೆಗೆದುಕೊಳ್ಳಿ. ಮುಂದಿನ ಬೋಗಿ 5 ಜಿಯಲ್ಲಿ (ಗುರುತ್ವದ ವೇಗೋತ್ಕರ್ಷದ 5 ಪಟ್ಟು; ಮಾನದಂಡ ಈ ಢಿಕ್ಕಿಗೆ ಒಪ್ಪುವ ಸರಾಸರಿ ಮಿತಿ ಅದೇ) ತನ್ನ ವೇಗದಿಂದ ಸೆಕೆಂಡಿಗೆ 5 ಮೀಟರ್ ಕಳೆದುಕೊಳ್ಳಲು 0.1 ಸೆಕೆಂಡ್ ಸಾಕು. ಅಷ್ಟರಲ್ಲಿ ನೀವು ಸೀಟಿಗೆ ಹೋಲಿಸಿದರೆ 25 ಸೆಂ.ಮೀ. ಮುಂದೆ ಹೋಗಿರುತ್ತೀರಿ. ಎದುರಿನ ಸೀಟು ಅದಕ್ಕಿಂತ ದೂರವಿದ್ದರೆ ಗಂಟೆಗೆ 18 ಕಿ.ಮೀ.ಯ ಪೂರ್ತಿ ಪೆಟ್ಟು. ಹಿಂದಿನ ಬೋಗಿಯಲ್ಲಿ 2 ಜಿ ಇದ್ದು ಅಂತರ 30 ಸೆಂ.ಮೀ. ಆದರೆ ಪೆಟ್ಟು ಸುಮಾರು 12 ಕಿ.ಮೀ.ಗೆ ಇಳಿಯುತ್ತದೆ. ಹಾಗಾಗಿ ಹತ್ತಿರದ, ಬಾಗುವ ಬೆನ್ನಿನ ಸೀಟು ಒಳ್ಳೆಯದು. ಎದುರುಬದುರು ಸೀಟಿನ ನಡುವಿನ ಮೇಜು ಬೇರೆ ಕಥೆ. 2002ರ ಕ್ಯಾಲಿಫೋರ್ನಿಯಾದ ಪ್ಲಸೆಂಟಿಯಾ ಢಿಕ್ಕಿಯಲ್ಲಿ ಮೇಜಿನ ಅಂಚು ಹೊಟ್ಟೆಗೆ ಬಡಿದು ಆದ ಗಾಯಗಳೇ ಮಾರಕವಾದವು. ಆಮೇಲೆ ಅಂಚಿನೊಳಗೆ ಜೇನುಗೂಡು ತುಂಬಿದ, ಕುಸಿಯುವ ಮೇಜು ಬಂತು.

ವಿದ್ಯಾರ್ಥಿ: ಕೊನೆಯದಾಗಿ, ಸಿಮ್ಯುಲೇಷನ್ ನಂಬಬಹುದೇ?

ಉತ್ತರ: ಮೊದಲು ಪ್ರತಿ ಬೋಗಿಯನ್ನು ಒಂದು ತೂಕ, ಪ್ರತಿ ತುದಿಯನ್ನು ಒಂದು ಬಲ–ಸಂಕೋಚನ ಗೆರೆ ಎಂದು ಹಿಡಿದು ಸರಳ ಮಾದರಿ ಓಡಿಸಿ. ಹಂಚಿಕೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಫೈನೈಟ್ ಎಲಿಮೆಂಟ್, ಅಂದರೆ ಬೋಗಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ (ಎಲಿಮೆಂಟ್) ಒಡೆದು ಮಾಡುವ ಕಂಪ್ಯೂಟರ್ ಲೆಕ್ಕ. ಅವರ್‌ಗ್ಲಾಸ್ ಶಕ್ತಿ (ಎಲಿಮೆಂಟ್‌ಗಳ ಸುಳ್ಳು ಸೊಟ್ಟತನ ತಡೆಯಲು ಲೆಕ್ಕದಲ್ಲಿ ಸೇರುವ ಕೃತಕ ಶಕ್ತಿ) ಆಂತರಿಕ ಶಕ್ತಿಯ ಶೇ 5 ದಾಟಿದರೆ ಆ ಫಲಿತಾಂಶ ಬದಿಗಿಡಿ. ಒಂದು ಮಡಿಕೆಯೊಳಗೆ ಹತ್ತಾರು ಎಲಿಮೆಂಟ್ ಇರಲಿ. ಉಕ್ಕು ವೇಗವಾಗಿ ಹೊಡೆದಾಗ ಗಟ್ಟಿಯಾಗುವುದರಿಂದ ನಿಧಾನವಾಗಿ ಒತ್ತಿದ ಪರೀಕ್ಷೆಯ ಗೆರೆಯನ್ನೇ ಕೊಟ್ಟರೆ ಬಲ ಕಡಿಮೆ ತೋರಿಸುತ್ತದೆ. ಟ್ಯೂಬನ್ನು ಪೂರ್ಣ ಗಾತ್ರದಲ್ಲಿ ಗುದ್ದಿಸಿ ಮಾದರಿಯನ್ನು ಹೊಂದಿಸಿದ ಮೇಲೇ ಇಡೀ ರೈಲಿನ ಲೆಕ್ಕಕ್ಕೆ ಕೈಹಾಕಿ.