ಹಾಕಾ ಮತ್ತು ಮೋಕೋ: ಶತ್ರುವನ್ನು ಹೆದರಿಸಲು ಮಾತ್ರವೇ?

ಪ್ರಶ್ನೆ: ನ್ಯೂಜಿಲೆಂಡಿನ ರಗ್ಬಿ ತಂಡದವರು ಪಂದ್ಯಕ್ಕೆ ಮುನ್ನ ಕಣ್ಣರಳಿಸಿ, ನಾಲಿಗೆ ಚಾಚಿ, ತೊಡೆ ತಟ್ಟಿ ಹಾಕಾ ಕುಣಿಯುತ್ತಾರೆ. ಈ ನೃತ್ಯವೂ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಮುಖದ ಹಚ್ಚೆಯೂ ವೈರಿಯನ್ನು ಹೆದರಿಸಲು ಮಾತ್ರ ಇರುವವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹೆದರಿಸುವುದು ಅದರ ಒಂದು ಮುಖವಷ್ಟೇ. ಅತಿಥಿಗಳ ಸ್ವಾಗತಕ್ಕೂ, ಮದುವೆಗೂ, ಸತ್ತವರನ್ನು ಬೀಳ್ಕೊಡುವಾಗಲೂ ಹಾಕಾ ಉಂಟು, ಹೆಂಗಸರೂ ಪಾಲ್ಗೊಳ್ಳುತ್ತಾರೆ. ಪ್ರಸಿದ್ಧವಾದ ‘ಕಾ ಮಾಟೆ’ ಎಂಬ ಹಾಕಾವನ್ನು ಸುಮಾರು 1820ರಲ್ಲಿ ರಚಿಸಿದವನು ನ್ಗಾಟಿ ಟೋವಾ ಬುಡಕಟ್ಟಿನ ನಾಯಕ ಟೆ ರೌಪರಾಹಾ. ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಂಡು ಗೆಣಸಿನ ಹಗೇವಿನಲ್ಲಿ ಅಡಗಿದ್ದವನು ಜೀವಸಹಿತ ಮೇಲೆದ್ದು ಬಂದಾಗ ಹಾಡಿದ್ದೆಂದು ಪರಂಪರೆ ಹೇಳುವುದರಿಂದ, ಅದನ್ನು ಯುದ್ಧಘೋಷವೆನ್ನುವುದಕ್ಕಿಂತ ಬದುಕುಳಿದವನ ಉದ್ಗಾರವೆನ್ನುವುದು ನನಗೆ ಸರಿಯೆನಿಸುತ್ತದೆ. ಆ ಬುಡಕಟ್ಟಿಗೂ ಈ ಹಾಕಾಕ್ಕೂ ಇರುವ ನಂಟನ್ನು 2014ರ ಕಾಯ್ದೆಯೊಂದು ಮಾನ್ಯಮಾಡಿದೆ.

ಉತ್ತರ 2: ಹಚ್ಚೆಯ ಕುರಿತು ಒಂದೆರಡು ಮಾತು. ಮೋಕೋ ಎಂಬುದು ಮುಖದ ಮೇಲೆ ಬರೆದ ವಂಶಾವಳಿ. ನಮ್ಮ ಅಜ್ಜಿಯರ ಹಚ್ಚೆಯಂತೆ ಸೂಜಿಯಿಂದ ಚುಚ್ಚಿದ್ದಲ್ಲ; ಆಲ್ಬಟ್ರಾಸ್ ಹಕ್ಕಿಯ ಮೂಳೆಯಂಥವುಗಳಿಂದ ಮಾಡಿದ ಉಳಿಯಿಂದ ಚರ್ಮವನ್ನೇ ಕೊರೆದು ಮಸಿ ತುಂಬುತ್ತಿದ್ದುದರಿಂದ, ಕೆನ್ನೆಯ ಮೇಲೆ ಬೆರಳಾಡಿಸಿದರೆ ಗೆರೆಗಳು ತಗ್ಗುತಗ್ಗಾಗಿ ಸಿಗುತ್ತಿದ್ದವು. ಮುಖ ಊದಿಕೊಂಡವನಿಗೆ ಕೆತ್ತನೆಯ ಮರದ ಆಲಿಕೆಯಿಂದ ದ್ರವಾಹಾರ ಉಣಿಸುತ್ತಿದ್ದರು. ಹೆಂಗಸರು ಗದ್ದದ ಮೇಲೆ ಧರಿಸುವುದು ‘ಮೋಕೋ ಕೌಆಯೆ’. 2016ರಲ್ಲಿ ಅದನ್ನು ಹಾಕಿಸಿಕೊಂಡ ನನಾಯಾ ಮಹುಟಾ 2020ರಲ್ಲಿ ನ್ಯೂಜಿಲೆಂಡಿನ ವಿದೇಶಾಂಗ ಸಚಿವೆಯಾದರು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಾಗಾದರೆ ಹೊರಗಿನವರು ಅದನ್ನು ಹಾಕಿಸಿಕೊಳ್ಳಬಹುದೇ?

ಉತ್ತರ 2: ವಂಶವೇ ಬೇರೆಯಾದ ಮೇಲೆ ಆ ಗೆರೆಗಳು ಯಾರ ಕಥೆಯನ್ನು ಹೇಳಬೇಕು? ಅಂಥವರಿಗಾಗಿ ವಂಶದ ಹಕ್ಕನ್ನು ಸಾರದ ‘ಕಿರಿಟುಹಿ’ ಎಂಬ ಅಲಂಕಾರದ ಹಚ್ಚೆ ಪ್ರತ್ಯೇಕವಾಗಿಯೇ ಇದೆ.