ಸ್ಟಾಕ್‌ಫಿಶ್‌ನ ಕೋಡ್ ಸೇರಿಸಿದ ಚೆಸ್ ಎಂಜಿನ್ ಅನ್ನು ಸ್ಪರ್ಧೆಗೆ ಇಳಿಸಬಹುದೇ?

ಕುದುರೆನಡೆ (ಪ್ರಶ್ನೆ):

ನಮ್ಮ ಕಾಲೇಜಿನಲ್ಲಿ ಚೆಸ್ ಎಂಜಿನ್‌ಗಳ ಪಂದ್ಯಾವಳಿಯೊಂದು ನಡೆಯಲಿದೆ. ಪ್ರೋಗ್ರಾಂ ಸ್ಪರ್ಧಿಯ ಸ್ವಂತ ಕೃತಿಯಾಗಿರಬೇಕು ಎಂಬುದೊಂದೇ ಅದರ ನಿಯಮ. ನಡೆಗಳನ್ನು ಹುಡುಕುವ ಭಾಗವನ್ನು ನಾನೇ ಬರೆದಿದ್ದೇನೆ. ಆದರೆ ಯಾವ ಕಾಯಿ ಯಾವ ಮನೆಯಲ್ಲಿದ್ದರೆ ಎಷ್ಟು ಅಂಕ ಎಂಬ ಕೋಷ್ಟಕಗಳನ್ನು ಸ್ಟಾಕ್‌ಫಿಶ್ 11 ಎಂಬ ಪ್ರಸಿದ್ಧ ಎಂಜಿನ್‌ನಿಂದ ಹಾಗೆಯೇ ಎತ್ತಿಕೊಂಡಿದ್ದೇನೆ. ಗಡಿಯಾರದ ಸಮಯವನ್ನು ನಡೆಗಳಿಗೆ ಹಂಚುವ ಫಂಕ್ಷನ್ನನ್ನೂ ಹೆಸರುಗಳನ್ನು ಬದಲಿಸಿ ಸೇರಿಸಿಕೊಂಡಿದ್ದೇನೆ. ಸ್ಟಾಕ್‌ಫಿಶ್ ಹೇಗೂ ಮುಕ್ತ ತಂತ್ರಾಂಶ. ಮೂಲವನ್ನು ಹೆಸರಿಸಿ, ನನ್ನ ಕೋಡನ್ನೂ ಅದರ ಮುಕ್ತ ಪರವಾನಗಿಯಾದ ಜಿಪಿಎಲ್ ಅಡಿಯಲ್ಲಿ ಪ್ರಕಟಿಸಿದರೆ ಸಾಲದೇ?

ಹಳೆಯ ಕಂಪೈಲರ್:

ಪರವಾನಗಿಯ ಮಟ್ಟಿಗೆ ಸಾಕು. ಜಿಪಿಎಲ್ ನಕಲು ಮಾಡುವುದನ್ನು ತಡೆಯುವುದಿಲ್ಲ, ಮಾರುವುದನ್ನೂ ತಡೆಯುವುದಿಲ್ಲ. ಪಡೆದವರಿಗೂ ಅದೇ ಹಕ್ಕುಗಳು ಸಿಗಬೇಕೆಂದಷ್ಟೇ ಕೇಳುತ್ತದೆ. 2021ರಲ್ಲಿ ಸ್ಟಾಕ್‌ಫಿಶ್ ತಂಡವು ಜರ್ಮನಿಯ ಚೆಸ್‌ಬೇಸ್ ಕಂಪನಿಯ ಮೇಲೆ ದಾವೆ ಹೂಡಿದ್ದು ಈ ಷರತ್ತನ್ನು ಮುರಿಯಲಾಗಿದೆ ಎಂಬ ಆರೋಪದ ಮೇಲೆ. ಫ್ಯಾಟ್ ಫ್ರಿಟ್ಜ್ 2 ಮತ್ತು ಹೌದಿನಿ 6 ಎರಡೂ ಸ್ಟಾಕ್‌ಫಿಶ್‌ನಿಂದ ಹುಟ್ಟಿದವು ಎಂಬುದು ತಂಡದ ವಾದವಾಗಿತ್ತು. 2022ರ ನವೆಂಬರ್‌ನಲ್ಲಿ ರಾಜಿಯಾಯಿತು. ಸ್ಟಾಕ್‌ಫಿಶ್ ಕೋಡ್ ಇರುವ ಉತ್ಪನ್ನಗಳನ್ನು ಒಂದು ವರ್ಷ ವಿತರಿಸುವಂತಿಲ್ಲವೆಂದು ಕಂಪನಿ ಒಪ್ಪಿಕೊಂಡಿತು.

ಆದರೆ ನಿಮ್ಮ ಪಂದ್ಯಾವಳಿಯ ನಿಯಮ ಕೇಳುತ್ತಿರುವುದು ಬೇರೆಯದನ್ನೇ. ಪರವಾನಗಿ ಕೊಡುವವರು ಕೋಡ್ ಬರೆದವರು. ಸ್ವಂತಿಕೆಯನ್ನು ಕೇಳುತ್ತಿರುವವರು ನಿಮ್ಮ ಎದುರು ಆಡಲು ಕೂತವರು. ಒಬ್ಬರ ಒಪ್ಪಿಗೆಯನ್ನು ತೋರಿಸಿ ಇನ್ನೊಬ್ಬರ ಬಾಕಿ ತೀರಿತೆನ್ನಲು ಬರುವುದಿಲ್ಲ.

ಬಿಳಿಮನೆ:

ಇದಕ್ಕೆ ರಿಬ್ಕಾ ಪ್ರಕರಣಕ್ಕಿಂತ ತಕ್ಕ ಉದಾಹರಣೆ ಇಲ್ಲ. ಫ್ರಾನ್ಸಿನ ಫ್ಯಾಬಿಯನ್ ಲೆತೂಜೆ ಅವರ ಫ್ರೂಟ್ 2.1 ಎಂಜಿನ್‌ನ ಕೋಡ್ 2005ರಲ್ಲಿ ಜಿಪಿಎಲ್ ಅಡಿಯಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಾಸಿಕ್ ರಾಯ್ಲಿಕ್ ಅವರ ರಿಬ್ಕಾ ಕಾಣಿಸಿಕೊಂಡು, 2007ರಿಂದ 2010ರವರೆಗೆ ಸತತವಾಗಿ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್ ಆಯಿತು. ಕೃತಿಚೌರ್ಯದ ಆರೋಪವನ್ನು ರಾಯ್ಲಿಕ್ ನಿರಾಕರಿಸಿದರೂ, ಫ್ರೂಟ್‌ನಿಂದಲೂ ಕ್ರಾಫ್ಟಿ ಎಂಬ ಇನ್ನೊಂದು ಎಂಜಿನ್‌ನಿಂದಲೂ ನಕಲು ನಡೆದಿದೆಯೆಂದು ತೀರ್ಮಾನಿಸಿದ, ಕಂಪ್ಯೂಟರ್ ಆಟಗಳ ಅಂತರರಾಷ್ಟ್ರೀಯ ಸಂಸ್ಥೆ ಐಸಿಜಿಎ 2011ರಲ್ಲಿ ಆ ಪ್ರಶಸ್ತಿಗಳನ್ನು ಹಿಂಪಡೆದು ಅವರಿಗೆ ಆಜೀವ ನಿಷೇಧ ಹೇರಿತು.

ನೀವು ಹೆಸರು ಬದಲಿಸಿದ ಫಂಕ್ಷನ್ ಸಮಯ ನಿರ್ವಹಣೆಯದು ಎಂದು ಓದಿ ನನಗೆ ನಗು ಬಂತು. ಏಕೆಂದರೆ ಅಲ್ಲಿ ಮುಂದಿಟ್ಟ ಸಾಕ್ಷ್ಯಗಳಲ್ಲೊಂದು ಅದೇ ಜಾಗದ್ದು: ಫ್ರೂಟ್ ಸಮಯವನ್ನು ದಶಮಾಂಶದಲ್ಲಿ ಎಣಿಸುತ್ತದೆ, ರಿಬ್ಕಾ ಪೂರ್ಣಾಂಕದಲ್ಲಿ, ಆದರೂ ರಿಬ್ಕಾದಲ್ಲಿ ಪೂರ್ಣಾಂಕವೊಂದನ್ನು ಅದಕ್ಕೆ ಬೇಕಿಲ್ಲದ ದಶಮಾಂಶ ರೂಪದ 0.0 ಜೊತೆ ಹೋಲಿಸುವ ಸಾಲು ಉಳಿದಿತ್ತು.

ಕಪ್ಪುಕಾಲಾಳು:

ಆ ಪ್ರಕರಣವನ್ನು ಇಷ್ಟು ಸರಳವಾಗಿ ಮುಗಿಸಬೇಡಿ. ಪಟದ ಮೇಲಿನ ಕಾಯಿಗಳನ್ನು ರಿಬ್ಕಾ ಮನೆಗೊಂದು ಬಿಟ್‌ನಂತೆ 64 ಬಿಟ್‌ಗಳ ಬಿಟ್‌ಬೋರ್ಡ್‌ಗಳಲ್ಲಿ ಇಡುತ್ತಿತ್ತು, ಫ್ರೂಟ್‌ನದು ಮನೆಗಳ ಸಾದಾ ಪಟ್ಟಿ (ಅರೇ). ಹೀಗಾಗಿ ಮೌಲ್ಯಮಾಪನದ ಭಾಗವನ್ನು ಸಾಲುಸಾಲಾಗಿ ಎತ್ತಿಡಲು ಸಾಧ್ಯವೇ ಇರಲಿಲ್ಲ, ಹೋಲಿಕೆ ಇದ್ದದ್ದು ಯಾವ ಅಂಶಗಳಿಗೆ ಅಂಕ ಕೊಡಬೇಕೆಂಬ ಆಯ್ಕೆಯಲ್ಲಿ ಎಂದು ವಾದಿಸಿದವರಿದ್ದರು. ಆ ಆಯ್ಕೆ ಕಲ್ಪನೆಯೋ ಕೋಡೋ ಎಂಬುದು ಇಂದಿಗೂ ಜಗಳದ ವಿಷಯ. 2015ರಲ್ಲಿ ವಿಶ್ವ ಚೆಸ್ ಒಕ್ಕೂಟ ಫಿಡೆಯ ನೀತಿ ಆಯೋಗವು ಆಜೀವ ನಿಷೇಧದ ವಿಚಾರದಲ್ಲಿ ಐಸಿಜಿಎಗೇ ಎಚ್ಚರಿಕೆ ಕೊಟ್ಟಿತು. ಸ್ಟಾಕ್‌ಫಿಶ್ ಸಹ ತೋರ್ಡ್ ರೋಮ್‌ಸ್ಟಾಡ್ ಅವರ ಗ್ಲೌರುಂಗ್ ಎಂಬ ಎಂಜಿನ್‌ನಿಂದಲೇ 2008ರಲ್ಲಿ ಕವಲೊಡೆದದ್ದು. ಓದಿದ್ದೆಲ್ಲ ಕಳ್ಳತನವಾದರೆ ಯಾರೂ ಎಂಜಿನ್ ಬರೆಯಲಾರರು.

ಹಳೆಯ ಕಂಪೈಲರ್:

ಓದುವುದನ್ನು ಯಾರೂ ಬೇಡವೆನ್ನುತ್ತಿಲ್ಲ. ನಡೆ ಹುಡುಕುವ ಆಲ್ಫಾ-ಬೀಟಾ ವಿಧಾನ ಎಲ್ಲರ ಸೊತ್ತು. ಆದರೆ ಕೋಷ್ಟಕದ ಸಂಖ್ಯೆಗಳು ಹಾಗಲ್ಲ, ಅವುಗಳ ಹಿಂದೆ ಸ್ವಯಂಸೇವಕರ ಕಂಪ್ಯೂಟರ್‌ಗಳಲ್ಲಿ ಸ್ಟಾಕ್‌ಫಿಶ್‌ನ ಪರೀಕ್ಷಾ ವ್ಯವಸ್ಥೆ ಫಿಶ್‌ಟೆಸ್ಟ್ ಆಡಿಸಿದ ಲೆಕ್ಕವಿಲ್ಲದಷ್ಟು ಆಟಗಳಿವೆ. ಎದುರಾಳಿ ತನ್ನ ಲ್ಯಾಪ್‌ಟಾಪಿನಲ್ಲಿ ಎರಡು ರಾತ್ರಿ ಪ್ರಯೋಗ ಮಾಡಿ ಹೊಂದಿಸಿದ ಸಂಖ್ಯೆಗಳ ಎದುರು ಅವನ್ನು ನಿಮ್ಮವೆಂದು ನಿಲ್ಲಿಸುವುದು ನ್ಯಾಯವಲ್ಲ. ಇನ್ನು, ಹೆಸರುಗಳನ್ನು ಬದಲಿಸಿದ್ದು ಯಾರ ಕಣ್ಣಿಗೆ ಬೀಳಬಾರದೆಂದು?

ಕುದುರೆನಡೆ:

ಕೊನೆಯ ಪ್ರಶ್ನೆಗೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಆ ಫಂಕ್ಷನ್ನನ್ನು ಅಳಿಸಿ, ಉಳಿದ ಸಮಯದ ಮೂವತ್ತರಲ್ಲಿ ಒಂದು ಭಾಗವನ್ನು ಪ್ರತಿ ನಡೆಗೂ ಕೊಡುವ ಒಂದು ಸಾಲನ್ನು ಬರೆದಿದ್ದೇನೆ. ಕೋಷ್ಟಕಗಳ ಮೂಲವನ್ನು ಆಯೋಜಕರಿಗೆ ಪತ್ರದಲ್ಲಿ ತಿಳಿಸಿ ಅನುಮತಿ ಕೇಳಿದ್ದೇನೆ. ಒಪ್ಪದಿದ್ದರೆ ಅಂಕಗಳನ್ನು ನಾನೇ ಹೊಂದಿಸುತ್ತೇನೆ. ನಿನ್ನೆ ಹಾಗೆ ಹೊಂದಿಸಿದ ಮೊದಲ ಆವೃತ್ತಿ, ಕೋಷ್ಟಕಗಳಿದ್ದ ಹಳೆಯದರ ಎದುರು ಹತ್ತರಲ್ಲಿ ಎಂಟು ಆಟ ಸೋತಿತು.