ಹಳೇ ಆಕ್ಟೇವಿಯಾ 1.8 ಟರ್ಬೊ: ಐಡಲ್ ಏರಿಳಿತ, 3ನೇ ಗೇರ್‌ನಲ್ಲಿ ಮುಗ್ಗರಿಕೆ, ಎರಡು ಕೋಡ್

ಹಳೇಗಾಡಿ:
ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ವಿಆರ್‌ಎಸ್, 2005ರದ್ದು. 1.8 ಟರ್ಬೊ ಪೆಟ್ರೋಲ್, 150 ಪಿಎಸ್, 5 ಗೇರ್ ಮ್ಯಾನುವಲ್. ಓಡಾಟ ಬೆಂಗಳೂರಲ್ಲೇ. ಐಡಲ್‌ನಲ್ಲಿ, ಅಂದ್ರೆ ಸಿಗ್ನಲ್‌ನಲ್ಲಿ ಎಂಜಿನ್ ಆನ್ ಇಟ್ಟು ನಿಂತಾಗ, ಆರ್‌ಪಿಎಂ 650ರಿಂದ 1000ದ ನಡುವೆ ತೂಗಾಡುತ್ತೆ. 3ನೇ ಗೇರ್‌ನಲ್ಲಿ ಪೂರ್ತಿ ಒತ್ತಿದರೆ 2500ರ ಸುತ್ತ ಮುಗ್ಗರಿಸಿ ಆಮೇಲೆ ಎಳೆಯುತ್ತೆ. ಸ್ಕ್ಯಾನ್‌ನಲ್ಲಿ ಬಂದ ದೋಷದ ಕೋಡ್‌ಗಳು 17544 (ಪಿ1136), 17705 (ಪಿ1297). ಜೊತೆಗೆ ಟೆಂಪರೇಚರ್ ಮುಳ್ಳು ಆಗಾಗ ಬೀಳುತ್ತೆ, ಬೆಳಗ್ಗೆ 2ನೇ ಗೇರ್ ಕರಕರ ಅನ್ನುತ್ತೆ. ಟರ್ಬೊ ಹೋಗಿದೆ, ಬದಲಾಯಿಸಿ ಅಂತ ಗ್ಯಾರೇಜಿನವರು ಅಂತಿದಾರೆ. ನಿಜಾನಾ?

ಟಾರ್ಕ್‌ರೆಂಚ್:
ಟರ್ಬೊ ಮುಟ್ಟಬೇಡಿ. ಪಿ1136 ಅಂದ್ರೆ ಐಡಲ್‌ನಲ್ಲಿ ಮಿಶ್ರಣ ತೆಳುವಾಗಿದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಕೂಡಿಸಿ ಕೂಡಿಸಿ ತನ್ನ ಮಿತಿ ಮುಟ್ಟಿದೆ. ಪಿ1297 ಅಂದ್ರೆ ಟರ್ಬೊದಿಂದ ಥ್ರಾಟಲ್‌ವರೆಗಿನ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ದಾರಿಯಲ್ಲಿ ಒತ್ತಡ ಸೋರುತ್ತಿದೆ. ಎರಡು ಕೋಡ್ ಕಂಡರೆ ಎರಡು ರೋಗ ಅಂದುಕೊಳ್ಳೋದು ಸಹಜ. ಈ ಎಂಜಿನ್‌ನಲ್ಲಿ ಬಹಳ ಸಲ ಒಂದೇ ತೂತು ಎರಡೂ ಕೆಲಸ ಮಾಡುತ್ತೆ.

ಐಡಲ್‌ನಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕವಲು ಪೈಪ್) ಒಳಗೆ ವ್ಯಾಕ್ಯೂಮ್. ಪೈಪ್ ಬಿರುಕು ಬಿಟ್ಟಿದ್ದರೆ ಏರ್ ಮಾಸ್ ಸೆನ್ಸರ್ ಅಳೆಯದ ಗಾಳಿ ಅಲ್ಲಿಂದ ಒಳಗೆ ಹೋಗುತ್ತೆ, ಮಿಶ್ರಣ ತೆಳುವಾಗುತ್ತೆ. ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿ) ಬಂದಾಗ ಅದೇ ಬಿರುಕಿಂದ ಅಳೆದ ಗಾಳಿ ಹೊರಗೆ ಹೋಗುತ್ತೆ. ಇಸಿಯು ಮಾತ್ರ ಅಷ್ಟೂ ಗಾಳಿಗೆ ಪೆಟ್ರೋಲ್ ಸುರಿಯುತ್ತೆ, ಗಾಡಿ ಮುಗ್ಗರಿಸುತ್ತೆ.

ವಿಸಿಡಿಎಸ್ (ಈ ಗಾಡಿಗಳ ಸ್ಕ್ಯಾನ್ ಸಾಫ್ಟ್‌ವೇರ್) ಇದ್ದರೆ ಎಂಜಿನ್ ಬಿಸಿಯಾದ ಮೇಲೆ ಬ್ಲಾಕ್ 032 ನೋಡಿ, ಇಸಿಯು ಎಷ್ಟು ಪೆಟ್ರೋಲ್ ಕೂಡಿಸ್ತಿದೆ, ಕಳೀತಿದೆ ಅಂತ ಅಲ್ಲಿ ಕಾಣುತ್ತೆ. ಮೊದಲ ಅಂಕಿ ಐಡಲ್‌ದು, ಎರಡನೇದು ಓಡುವಾಗಿನದು. ಸೊನ್ನೆಯ ಆಚೀಚೆ 3–4 ಪರ್ಸೆಂಟ್ ಇದ್ದರೆ ಚಿಂತೆಯಿಲ್ಲ. ಎರಡೂ ಅಂಕಿ ಬರೀರಿ.

ಹಳೇಗಾಡಿ:
ಮೊದಲನೇದು +9.1, ಎರಡನೇದು +1.6. ಬ್ಲಾಕ್ 115ರಲ್ಲಿ (ಬೂಸ್ಟ್ ಒತ್ತಡ) ಎಂಜಿನ್ ಆಫ್, ಇಗ್ನಿಷನ್ ಆನ್ ಇದ್ದಾಗ 910 ಮಿಲಿಬಾರ್ ತೋರಿಸ್ತಿದೆ. 1013 ಬರಬೇಕಲ್ವಾ, ಸೆನ್ಸರ್ ಕೆಟ್ಟಿದೆಯಾ?

ಟಾರ್ಕ್‌ರೆಂಚ್:
ಸೆನ್ಸರ್ ಚೆನ್ನಾಗಿದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡವೇ ಅಷ್ಟು. 1013 ಮಂಗಳೂರಿನ ಲೆಕ್ಕ.

032 ಕಥೆ ಹೇಳಿಬಿಟ್ಟಿದೆ. ಏರ್ ಮಾಸ್ ಸೆನ್ಸರ್ ಕೆಟ್ಟಿದ್ದರೆ ಅಥವಾ ಪೆಟ್ರೋಲ್ ಪ್ರೆಷರ್ ಕಡಿಮೆ ಇದ್ದರೆ ಎರಡನೇ ಅಂಕಿಯೂ ಏರುತ್ತಿತ್ತು, ಸಾಮಾನ್ಯವಾಗಿ ಅದೇ ಹೆಚ್ಚು ಏರುತ್ತೆ. ಐಡಲ್ ಮಾತ್ರ ಏರಿದೆ ಅಂದ್ರೆ ವ್ಯಾಕ್ಯೂಮ್ ಸೋರಿಕೆ. ಸೋರುವ ಗಾಳಿ ಐಡಲ್‌ನ ಸ್ವಲ್ಪ ಗಾಳಿಗೆ ದೊಡ್ಡ ಪಾಲು, ಓಡುವಾಗಿನ ಗಾಳಿಗೆ ಲೆಕ್ಕಕ್ಕಿಲ್ಲ.

ಮೊದಲು ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಕೈ ಹಾಕಿ. ಆಯಿಲ್ ಫಿಲ್ಟರ್ ಹೌಸಿಂಗ್‌ನಿಂದ ಮೇಲೆ ಬರುವ ಬ್ರೀದರ್ ಪೈಪ್‌ಗಳ (ಕ್ರ್ಯಾಂಕ್‌ಕೇಸ್, ಅಂದ್ರೆ ಎಂಜಿನ್‌ನ ಕೆಳಭಾಗದ ಆವಿ ಸಾಗಿಸುವ ಪೈಪ್) ಗೊಂಚಲು ಅಲ್ಲಿದೆ. ಆಯಿಲ್ ಆವಿ, ಶಾಖ ಎರಡನ್ನೂ ತಿಂದು ರಬ್ಬರ್ ಹಪ್ಪಳವಾಗಿರುತ್ತೆ, ಮೇಲಿನಿಂದ ನೋಡಿದರೆ ಏನೂ ಕಾಣಲ್ಲ. ಕನ್ನಡಿ, ಟಾರ್ಚ್ ಹಿಡಿದು ಪೈಪ್‌ನ ಕೆಳಮೈ ಹಿಚುಕಿ ನೋಡಿ. ಅದರಲ್ಲೊಂದು ಒನ್‌ವೇ ವಾಲ್ವ್ ಇದೆ. ಬಿಚ್ಚಿ ಬಾಯಲ್ಲಿ ಊದಿ: ಕ್ರ್ಯಾಂಕ್‌ಕೇಸ್‌ನಿಂದ ಮ್ಯಾನಿಫೋಲ್ಡ್ ಕಡೆಗೆ ಹೋಗಬೇಕು, ತಿರುಗಿ ಬರಬಾರದು. (ಊದೋಕೆ ಮುಂಚೆ ಒರೆಸಿ, ರುಚಿ ಚೆನ್ನಾಗಿರಲ್ಲ.)

ಎರಡನೇದು ಡೈವರ್ಟರ್ ವಾಲ್ವ್, ಆಕ್ಸಿಲರೇಟರ್ ಬಿಟ್ಟಾಗ ಬೂಸ್ಟ್ ಗಾಳಿಯನ್ನು ಟರ್ಬೊಗೇ ವಾಪಸ್ ಕಳಿಸೋದು. ಬಿಚ್ಚಿ, ತಳದ ಬಾಯಿಂದ ಬೆರಳಲ್ಲಿ ಡಯಾಫ್ರಮ್ ಮೇಲೆ ತಳ್ಳಿ, ಸಣ್ಣ ನಿಪ್ಪಲ್ ಮುಚ್ಚಿ, ಬೆರಳು ತೆಗೆಯಿರಿ. ಮೇಲೆಯೇ ನಿಂತರೆ ಸರಿ, ಕುಸಿದರೆ ಡಯಾಫ್ರಮ್ ಹರಿದಿದೆ. ಹೊಸದು ಬೇಕಾದರೆ ಬಾಷ್ 710ಎನ್ ಸಾಕು, ಸದ್ದು ಮಾಡುವ ದುಬಾರಿ ವಾಲ್ವ್ ಬೇಡ. ಅದು ಅಳೆದ ಗಾಳಿಯನ್ನು ಹೊರಗೆ ಬಿಡುತ್ತೆ, ಪ್ರತಿ ಗೇರ್ ಬದಲಾವಣೆಗೂ ಮಿಶ್ರಣ ಕೆಡುತ್ತೆ.

ಕ್ಲಚ್‌ಪ್ಲೇಟ್:
ಕಣ್ಣಿಗೆ ಸಿಗದಿದ್ದರೆ ಪ್ರೆಷರ್ ಟೆಸ್ಟ್. ಏರ್ ಮಾಸ್ ಸೆನ್ಸರ್ ತೆಗೆದು, ಟರ್ಬೊಗೆ ಹೋಗುವ ರಬ್ಬರ್ ಪೈಪ್‌ನ ಬಾಯಿಗೆ ಹೊಂದುವ ಪಿವಿಸಿ ಎಂಡ್ ಕ್ಯಾಪ್ ಕ್ಲ್ಯಾಂಪ್ ಮಾಡಿ, ಕ್ಯಾಪ್‌ಗೆ ಟ್ಯೂಬ್‌ಲೆಸ್ ಟೈರ್ ವಾಲ್ವ್ ಕೂರಿಸಿ. ಗಾಳಿ 0.5 ಬಾರ್ ದಾಟಬಾರದು. ಈ ಪೈಪ್‌ಗೆ ಬ್ರೀದರ್ ಕೂಡ ಸೇರುತ್ತೆ. ಅದನ್ನು ಬಿಚ್ಚಿ ಎರಡೂ ಕಡೆ ಮುಚ್ಚದಿದ್ದರೆ ಒತ್ತಡ ಕ್ರ್ಯಾಂಕ್‌ಕೇಸ್‌ಗೆ ನುಗ್ಗಿ ಆಯಿಲ್ ಸೀಲ್ ಹಾಳು ಮಾಡುತ್ತೆ. ಆಮೇಲೆ ಪಾತ್ರೆ ತೊಳೆಯೋ ಸೋಪಿನ ನೀರು ಸಿಂಪಡಿಸಿ ಗುಳ್ಳೆ ಹುಡುಕಿ. ಓಡುವ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆದು ನೋಡುವ ಅಭ್ಯಾಸ ಬೇಡ, ಟರ್ಬೊ ಕೆಂಪಾಗಿರುವ ಗಾಡಿಯಲ್ಲಿ ಅದು ಬೆಂಕಿ ಜೊತೆ ಆಟ.

ಪೈಪ್ ಸಿಕ್ಕಿಲ್ಲ ಅಂತ ಬ್ರೀದರ್‌ಗೆ ಬಣ್ಣಬಣ್ಣದ ಸಿಲಿಕಾನ್ ಪೈಪ್ ಹಾಕಬೇಡಿ. ಆಯಿಲ್ ಆವಿಗೆ ಮಾಮೂಲಿ ಸಿಲಿಕಾನ್ ಮೆತ್ತಗಾಗಿ ಬೆವರುತ್ತೆ. ಆಯಿಲ್ ತಡೆಯುವ ರಬ್ಬರ್ರೇ ಬೇಕು. ಸಣ್ಣ ವ್ಯಾಕ್ಯೂಮ್ ಪೈಪ್‌ಗಳಿಗೆ 4 ಮಿ.ಮೀ. ಒಳವ್ಯಾಸದ ಸಿಲಿಕಾನ್ ನಡೆಯುತ್ತೆ.

ಹಳೇಗಾಡಿ:
ಮ್ಯಾನಿಫೋಲ್ಡ್‌ಗೂ ಒನ್‌ವೇ ವಾಲ್ವ್‌ಗೂ ನಡುವಿನ ಪೈಪ್ ಕೆಳಗಡೆ ಸೀಳಿತ್ತು, ಒಂದು ಇಂಚು. ಡೈವರ್ಟರ್ ಸರಿ ಇದೆ. ಪೈಪ್ ಬದಲಾಯಿಸಿ, ಕೋಡ್ ಅಳಿಸಿ 80 ಕಿ.ಮೀ. ಓಡಿಸಿದ ಮೇಲೆ ಬ್ಲಾಕ್ 032ರಲ್ಲಿ +2.0, +0.8. ಐಡಲ್ ನಿಂತಿದೆ. 3ನೇ ಗೇರ್‌ನಲ್ಲಿ ಒಮ್ಮೊಮ್ಮೆ ಸಣ್ಣ ಜರ್ಕ್ ಉಳಿದಿದೆ.

ಟಾರ್ಕ್‌ರೆಂಚ್:
ಉಳಿದದ್ದು ಸ್ಪಾರ್ಕ್ ಇರಬಹುದು. ಬೂಸ್ಟ್ ಬಂದಾಗ ಸಿಲಿಂಡರ್ ಒಳಗೆ ಒತ್ತಡ ಹೆಚ್ಚು, ಕಿಡಿ ಹಾರಲು ವೋಲ್ಟೇಜ್ ಹೆಚ್ಚು ಬೇಕು. ಸವೆದ ಪ್ಲಗ್, ಸುಸ್ತಾದ ಕಾಯಿಲ್ (ಪ್ಲಗ್‌ಗೆ ಹೆಚ್ಚು ವೋಲ್ಟೇಜ್ ಕೊಡೋದು) ಮೊದಲು ಸೋಲೋದು ಅಲ್ಲೇ. ಬ್ಲಾಕ್ 015, 016ರಲ್ಲಿ ಯಾವ ಸಿಲಿಂಡರ್‌ನ ಮಿಸ್‌ಫೈರ್ (ಉರಿಯದೆ ತಪ್ಪಿದ್ದು) ಎಣಿಕೆ ಏರುತ್ತೆ ನೋಡಿ, ಆ ಕಾಯಿಲ್ ಪಕ್ಕದ ಸಿಲಿಂಡರ್‌ಗೆ ಹಾಕಿ. ಎಣಿಕೆ ಜೊತೆಗೇ ಹೋದರೆ ಕಾಯಿಲ್, ಅಲ್ಲೇ ನಿಂತರೆ ಪ್ಲಗ್. ಪ್ಲಗ್ ಗ್ಯಾಪ್ 0.8 ಮಿ.ಮೀ., ಬಿಗಿತ 30 ನ್ಯೂಟನ್ ಮೀಟರ್. ಎಂಜಿನ್ ಪೂರ್ತಿ ತಣ್ಣಗಿರಲಿ, ಹೆಡ್ ಅಲ್ಯೂಮಿನಿಯಂ.

ಎಣಿಕೆ ಸೊನ್ನೆಯೇ ಇದ್ದರೆ ಬೂಸ್ಟ್ ನಿಯಂತ್ರಿಸುವ ಎನ್75 ವಾಲ್ವ್‌ನ ಕಾಯಿಲ್ ಮಲ್ಟಿಮೀಟರ್‌ನಲ್ಲಿ ಅಳೆಯಿರಿ, 25–35 ಓಮ್ ಬರಬೇಕು.

ಕ್ಲಚ್‌ಪ್ಲೇಟ್:
ಮುಳ್ಳಿನ ವಿಚಾರ: ಕೂಲೆಂಟ್ ಸೆನ್ಸರ್ ಒಂದೇ ಮೈಯಲ್ಲಿ ಇಬ್ಬರು, ಒಬ್ಬ ಡ್ಯಾಶ್‌ಗೆ, ಇನ್ನೊಬ್ಬ ಇಸಿಯುಗೆ. ಮುಳ್ಳು ಬಿದ್ದಾಗ ಬ್ಲಾಕ್ 004 ನೋಡಿ, ಇಸಿಯುಗೆ ಕಾಣುವ ಕೂಲೆಂಟ್ ಬಿಸಿ ಅಲ್ಲಿದೆ. ಅಲ್ಲಿ 88–90 ಡಿಗ್ರಿ ಇದ್ದರೆ ಸೆನ್ಸರ್ ಕೆಟ್ಟಿದೆ. ಅಲ್ಲೂ 70ಕ್ಕೆ ಇಳಿದಿದ್ದರೆ ಥರ್ಮೋಸ್ಟಾಟ್ (ರೇಡಿಯೇಟರ್‌ಗೆ ಕೂಲೆಂಟ್ ಬಿಡುವ ವಾಲ್ವ್) ತೆರೆದೇ ಉಳಿದಿದೆ. ಟಾಪ್-ಅಪ್‌ಗೆ ಜಿ12 ಗುಲಾಬಿ ಕೂಲೆಂಟ್, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ಹಸಿರು ಕೂಲೆಂಟ್ ಬೆರೆಸಬೇಡಿ.

2ನೇ ಗೇರ್ ಬೆಳಗ್ಗೆ ಮಾತ್ರ ಕರಕರ ಅಂದರೆ ಮೊದಲು ಗೇರ್ ಆಯಿಲ್: 75ಡಬ್ಲ್ಯೂ-90, ಜಿಎಲ್-4, ಸುಮಾರು 2 ಲೀಟರ್. ಜಿಎಲ್-5 ಕೊಟ್ಟರೆ ತಗೋಬೇಡಿ, ಹಿತ್ತಾಳೆ ಸಿಂಕ್ರೊಗೆ (ಗೇರ್‌ಗಳ ವೇಗ ಹೊಂದಿಸುವ ಉಂಗುರ) ಹೊಂದಲ್ಲ. ಡ್ರೈನ್ ಬೋಲ್ಟ್‌ಗೆ ಮುಂಚೆ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿ. ಅದು ಬರದೇ ಇದ್ದು ಆಯಿಲ್ ಸುರಿದುಹೋಗಿದ್ದರೆ ಗಾಡಿ ಅಲ್ಲೇ ನಿಂತಂಗೆ. ಕ್ಲಚ್‌ಗೆ ಬ್ರೇಕ್ ಫ್ಲೂಯಿಡ್ಡೇ, ಡಾಟ್ 4. ಕಪ್ಪಾಗಿದ್ದರೆ ಬದಲಾಯಿಸಿ ಕ್ಲಚ್ ಬ್ಲೀಡ್ ಮಾಡಿ, ಅಂದ್ರೆ ಪೈಪ್‌ನಲ್ಲಿ ಸೇರಿದ ಗಾಳಿ ತೆಗೆಯಿರಿ.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಅನ್ನೋ ಬಿಲ್ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಜರ್ಕ್‌ಗಿಂತ ಮೊದಲು ಅದು. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ. ಈ ಎಂಜಿನ್‌ನಲ್ಲಿ ಬೆಲ್ಟ್ ಕಡಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತೆ.

ಹಳೇಗಾಡಿ:
ಬಿಲ್ ಇಲ್ಲ ಸಾರ್. ಬೆಲ್ಟ್ ಕಿಟ್ ಆರ್ಡರ್ ಮಾಡ್ತೀನಿ.